ಹದಿನಾರನೇ ಗುಂಡಿ

ಕಂಪ್ಯೂಟರ್ ಸೈನ್ಸ್‌ನಲ್ಲಿ ಬಿ.ಇ. ಮಾಡಿದವನಿಗೆ ಮಿಕ್ಸಿ, ಫ್ಯಾನ್, ಟಿವಿ ರಿಮೋಟ್ ಎಲ್ಲದರ ರಿಪೇರಿಯೂ ಬರುತ್ತೆ ಅಂತ ನಮ್ಮ ಜನ ನಂಬಿಬಿಟ್ಟಿದ್ದಾರೆ. ಆ ನಂಬಿಕೆಯಿಂದಲೇ ನಾಲ್ಕು ವರ್ಷದ ಹಿಂದೆ ಬೆಂಗಳೂರಿನ ನಮ್ಮ ಚರ್ಚಿನ ಸೌಂಡ್ ಸಿಸ್ಟಮ್ ನನ್ನ ಕೊರಳಿಗೆ ಬಿತ್ತು. "ನೀನು ಎಂಜಿನಿಯರ್ ಅಲ್ವೇನಪ್ಪಾ, ಇದೇನು ಮಹಾ?" ಅಂದರು ಕಮಿಟಿಯ ಅಂಕಲ್. ಅಂದಿನಿಂದ ಭಾನುವಾರ ಬೆಳಿಗ್ಗೆ ನನ್ನ ಜಾಗ ಕೊನೆಯ ಬೆಂಚಿನ ಹಿಂದೆ, ಮಿಕ್ಸರ್ ಮುಂದೆ. ಆಫೀಸಿನಲ್ಲಿ ತಪ್ಪು ಮಾಡಿದರೆ ಒಂದು ಮೇಲ್ ಬರುತ್ತೆ. ಇಲ್ಲಿ ತಪ್ಪು ಮಾಡಿದರೆ ಇನ್ನೂರು ತಲೆ ಒಟ್ಟಿಗೆ ಹಿಂದಕ್ಕೆ ತಿರುಗುತ್ತವೆ.

ಹಾಗೆ ತಿರುಗುವುದು ಹೆಚ್ಚಾಗಿ ಮೈಕ್ "ಕುಂಯ್" ಅಂದಾಗ. ಸ್ಪೀಕರಿನಿಂದ ಬಂದ ಸದ್ದನ್ನೇ ಮೈಕ್ ಮತ್ತೆ ಹಿಡಿದು ಆಂಪ್ಲಿಫೈಯರ್‌ಗೆ ಕೊಡುತ್ತೆ, ಅದು ಇನ್ನೂ ದೊಡ್ಡದಾಗಿ ಸ್ಪೀಕರಿಗೆ ಹೋಗುತ್ತೆ, ನಲ್ಲಿ ಹತ್ತಿರದ ಜಗಳದ ಹಾಗೆ ಏರುತ್ತಲೇ ಹೋಗುತ್ತೆ. ಮೈಕಿನ ತಲೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರೆ ಇನ್ನೂ ಜಾಸ್ತಿ. ಇದನ್ನು ಕ್ವೈರ್ ಆಂಟಿಗೆ ಎಷ್ಟು ಸಲ ಹೇಳಿದ್ದೇನೋ! "ಓ ಹೌದಾ" ಅಂತಾರೆ, ಮುಂದಿನ ವಾರ ಮತ್ತೆ ಮುಚ್ಚಿ ಹಿಡೀತಾರೆ.

ಶನಿವಾರ ಸಂಜೆ ಖಾಲಿ ಚರ್ಚಿನಲ್ಲಿ ಎಲ್ಲ ಹದ ಮಾಡಿಡುತ್ತೇನೆ. ಭಾನುವಾರ ಜನ ತುಂಬಿದ ಕೂಡಲೇ ಹದ ಕೆಡುತ್ತೆ, ಯಾಕೆಂದರೆ ಮೈ, ಬಟ್ಟೆ ಎಲ್ಲ ಸದ್ದನ್ನು ಹೀರಿಕೊಳ್ಳುತ್ತವೆ. ಒಮ್ಮೆ ಅಯ್ಯನವರು ಕಾಲರ್ ಮೈಕ್ ಆರಿಸದೆ ಒಳಗಿನ ಕೋಣೆಗೆ ಹೋಗಿ ಮನೆಗೆ ಫೋನ್ ಮಾಡಿದರು. "ಮಟನ್ ಬೇಯಕ್ಕೆ ಇಟ್ಟಿದ್ದೀಯಾ?" ಎಂಬ ಪ್ರಶ್ನೆ ಇಡೀ ಸಭೆಗೆ ಕೇಳಿಸಿತು. ನಾನು ಓಡಿಬಂದು ಮ್ಯೂಟ್ ಮಾಡಿದ್ದರಿಂದ ಉತ್ತರ ಮಾತ್ರ ಯಾರಿಗೂ ಗೊತ್ತಾಗಲಿಲ್ಲ.

ಇನ್ನು ದೂರುಗಳು. ಒಂದೇ ಹಾಡಿಗೆ ಎಡಗಡೆಯವರು "ಜಾಸ್ತಿ ಆಯ್ತು" ಅಂತಾರೆ, ಬಲಗಡೆಯವರು "ಕೇಳಿಸ್ತಿಲ್ಲ" ಅಂತಾರೆ. ಅದಕ್ಕೆ ಸೌಂಡ್ ನೋಡಿಕೊಳ್ಳುವವರ ಹಳೆಯ ಉಪಾಯವೊಂದಿದೆ. ನಮ್ಮ ಮಿಕ್ಸರಿನಲ್ಲಿ ಹದಿನಾರು ಚಾನೆಲ್, ಹದಿನಾರನೆಯದಕ್ಕೆ ಯಾವ ವೈರೂ ಸೇರಿಲ್ಲ. ದೂರು ತಂದವರ ಕಣ್ಣೆದುರೇ ಅದರ ಗುಂಡಿಯನ್ನು ಗಂಭೀರವಾಗಿ ಒಂದಿಷ್ಟು ಸರಿಸುತ್ತೇನೆ. "ಹಾಂ, ಈಗ ಸರಿಯಾಯ್ತು ನೋಡು!" ಅಂತ ಖುಷಿಯಿಂದ ಹೋಗ್ತಾರೆ.

ನನ್ನ ಮುಂದಿನ ಬೆಂಚಿನಲ್ಲೇ ಒಬ್ಬರು ಅಜ್ಜಿ ಕೂರುತ್ತಾರೆ. ಪ್ರತಿವಾರ ಹಿಂದಕ್ಕೆ ತಿರುಗಿ "ಮಗಾ, ಮಾತು ಕೇಳಿಸ್ತಿಲ್ಲ" ಅನ್ನೋರು. ಅವರಿಗೂ ಹದಿನಾರನೇ ಗುಂಡಿಯೇ. "ಸರಿಯಾಯ್ತಾ ಅಜ್ಜಿ?" "ಹ್ಞೂಂ ಮಗಾ."

ಎರಡು ತಿಂಗಳ ಹಿಂದೆ ಆರಾಧನೆ ಮುಗಿದು ಹೊರಗೆ ಟೀ ಕುಡಿಯುವಾಗ ಕೇಳಿದರು, "ಇವತ್ತು ಪ್ರಾರ್ಥನೆಯಲ್ಲಿ ನಮ್ಮ ಯಜಮಾನರ ಹೆಸರು ಓದಿದ್ರಾ ಮಗಾ? ತೀರಿಕೊಂಡು ವರ್ಷ ಆಯ್ತು ಅಂತ ಬರೆದುಕೊಟ್ಟಿದ್ದೆ."

ಓದಿದ್ದರು. ಎಲ್ಲರಿಗೂ ಕೇಳಿಸಿತ್ತು, ಅವರೊಬ್ಬರನ್ನು ಬಿಟ್ಟು.

"ಮತ್ತೆ ಸರಿಯಾಯ್ತು ಅಂದ್ರಲ್ಲ ಅಜ್ಜಿ?"

"ನೀನು ಪಾಪ ಅಷ್ಟು ಸಲ ಸರಿ ಮಾಡ್ತಿದ್ದೆ. ಬೇಜಾರಾಗೋದು ಬೇಡ ಅಂತ ಅಂದೆ."

ಟೀ ಗಂಟಲಲ್ಲಿ ಇಳಿಯಲಿಲ್ಲ. ಇಷ್ಟು ದಿನ ನಾನು ಅವರನ್ನು ಏಮಾರಿಸ್ತಿದ್ದೀನಿ ಅಂದುಕೊಂಡಿದ್ದೆ, ಅವರು ನನ್ನ ಮರ್ಯಾದೆ ಕಾಪಾಡ್ತಿದ್ದರು.

ಆ ರಾತ್ರಿ ಕೂತು ಓದಿದೆ. ವಯಸ್ಸಾದಾಗ ಕಿವಿಗೆ ಮೊದಲು ಕೈಕೊಡುವುದು ತೀಕ್ಷ್ಣವಾದ ಸದ್ದುಗಳು. ಸ, ಶ, ತ, ಕ ಇಂಥ ಅಕ್ಷರಗಳ ಗುರುತು ಇರುವುದೇ ಅಲ್ಲಿ. ಆ, ಊ ಥರದ ಸ್ವರಗಳು ಕೆಳಗಿನವು, ಅವು ಉಳಿಯುತ್ತವೆ. ಹಾಗಾಗಿ ದನಿ ಕೇಳಿಸುತ್ತೆ, ಮಾತು ತಿಳಿಯಲ್ಲ. ಬರೀ ವಾಲ್ಯೂಮ್ ಏರಿಸಿದರೆ ಗೊಂದಲವೂ ಜೊತೆಗೇ ಏರುತ್ತೆ.

ಶನಿವಾರ ಅಯ್ಯನವರ ಮೈಕಿನ ಬೇಸ್ ಇಳಿಸಿದೆ, ಟ್ರೆಬಲ್ ತುಸು ಏರಿಸಿದೆ, ಒಂದು ಸ್ಪೀಕರನ್ನು ಅಜ್ಜಿಯ ಬೆಂಚಿನ ಕಡೆ ತಿರುಗಿಸಿದೆ. ಅಯ್ಯನವರಿಗೂ ವಿಷಯ ತಿಳಿಸಿದೆ. ಭಾನುವಾರ ಅವರು ಆ ಹೆಸರನ್ನು ಮತ್ತೊಮ್ಮೆ, ನಿಧಾನವಾಗಿ ಓದಿದರು. ಮುಂದಿನ ಬೆಂಚಿನಿಂದ ಒಂದು ತಲೆ ಹಿಂದಕ್ಕೆ ತಿರುಗಿತು. ಏನೂ ಹೇಳಲಿಲ್ಲ, ಸುಮ್ಮನೆ ತಲೆಯಾಡಿಸಿದರು. ಪ್ರಸಂಗವೆಲ್ಲ ಪೂರ್ತಿ ತಿಳಿಯಲ್ಲ ಅಂತ ಈಗಲೂ ಹೇಳ್ತಾರೆ. ಹೆಸರುಗಳು ಮಾತ್ರ ಕೇಳಿಸ್ತವಂತೆ.

ಅದೇ ದಿನ ಕಮಿಟಿ ಅಂಕಲ್ ಬಂದು "ಯಾಕೋ ಇವತ್ತು ಸೌಂಡ್ ಚುಚ್ಚುತ್ತಲ್ಲಪ್ಪಾ" ಅಂದರು. ಹದಿನಾರನೇ ಗುಂಡಿಯನ್ನು ಒಂದಿಷ್ಟು ಕೆಳಗಿಳಿಸಿದೆ. ಸರಿಹೋಯ್ತಂತೆ.