ಜೀಪಿನ ಮೋರೆಗೆ ಎಂಥ ಜಾಳಿಗೆ?

ಸುಗ್ಗಿ ಬಂತೆಂದರೆ ನಮ್ಮ ಜತ್ತ ಭಾಗದ ಹಳ್ಳಿಯ ರಸ್ತೆಗಳೂ ಕಣಗಳಾಗುತ್ತವೆ. ಜೋಳದ ರವದಿ, ಕಡಲೆಯ ಹೊಟ್ಟು, ಒಣಹುಲ್ಲಿನ ಚೂರು ಎಲ್ಲವೂ ಗಾಳಿಗೆ ಎದ್ದು ಓಡಾಡುವ ಕಾಲವದು. ಹೊಲಕ್ಕೂ ಪೇಟೆಗೂ ಓಡುವ ಹಳೆಯ ಜೀಪುಗಳು ಅದೇ ಕಾಲಕ್ಕೆ ನಡುದಾರಿಯಲ್ಲಿ ಬುಸುಗುಟ್ಟಿ ನಿಲ್ಲುವುದನ್ನು ವಾಚಕರು ಕಂಡಿರಬೇಕು. ಹೀಗೆ ನಿಂತವುಗಳಲ್ಲಿ ಕೆಲವಕ್ಕೆ ಮುಂದೆ ಜಾಳಿಗೆಯೇ ಇರುವುದಿಲ್ಲ. ಕೆಲವಕ್ಕೆ ಜಾಳಿಗೆ ಇರುವುದರಿಂದಲೇ ಆ ಗತಿ. ಈ ಎರಡನೆಯ ಪಂಗಡಕ್ಕೆ ಒಮ್ಮೆ ನಾವೂ ಸೇರಿದ್ದೆವಾದ್ದರಿಂದ, ಈ ವಿಷಯವಾಗಿ ನಾಲ್ಕು ಮಾತು ಬರೆಯುವ ಅಧಿಕಾರ ನಮಗುಂಟೆಂದು ಭಾವಿಸುತ್ತೇವೆ.

ಜೀಪಿನ ಮೋರೆಯ ಸೀಳುಗಳ ಹಿಂದೆ ರೇಡಿಯೇಟರ್ ಇದೆ. ಎಂಜಿನ್ನಿನಲ್ಲಿ ಕಾದ ನೀರು ಅದರ ಸಣ್ಣ ಕೊಳವೆಗಳಲ್ಲಿ ಹರಿಯುವಾಗ, ಹಿಂದಿನ ಪಂಖವು ಎದುರಿನ ಗಾಳಿಯನ್ನು ಎಳೆದು ಅದನ್ನು ತಂಪುಮಾಡುತ್ತದೆ. ಕೊಳವೆಗಳ ನಡುವೆ ಕಾಗದದಂತೆ ತೆಳುವಾದ ಲೋಹದ ರೆಕ್ಕೆಗಳಿವೆ. ಅವುಗಳ ಸಂದಿಯಲ್ಲಿ ಹೊಟ್ಟು ಕೂತರೆ ಗಾಳಿ ನಿಂತಿತು. ಗಾಳಿ ನಿಂತರೆ ನೀರು ಕುದಿಯಿತು. 1941ರಲ್ಲಿ ಅಮೆರಿಕದಲ್ಲಿ ಯುದ್ಧಕ್ಕೆಂದು ಕಟ್ಟಿದ ಮೊದಮೊದಲ ವಿಲ್ಲೀಸ್ ಜೀಪುಗಳಿಗೆ ಕಬ್ಬಿಣದ ಪಟ್ಟಿಗಳನ್ನು ಬೆಸೆದ ಮೋರೆಯಿತ್ತು. 1942ರಲ್ಲಿ ಫೋರ್ಡ್ ಕಂಪನಿಯ ರೀತಿಯಲ್ಲಿ ಒಂದೇ ತಗಡನ್ನು ಒತ್ತಿ ಒಂಬತ್ತು ಸೀಳು ಮಾಡಿದ ಮೋರೆ ಬಂತು. ಯುದ್ಧ ಮುಗಿದ ಮೇಲೆ, 1945ರಲ್ಲಿ, ನಾಗರಿಕರಿಗಾಗಿ ಮಾಡಿದ ಜೀಪಿಗೆ ಏಳು ಸೀಳು. ನಮ್ಮಲ್ಲಿ ಓಡುವ ಹಳೆಯ ಮಹೀಂದ್ರ ಜೀಪುಗಳು ಇದೇ ಮನೆತನದವು. ಬೆರಳು ತೂರುವ ಈ ಸೀಳುಗಳು ಗಾಳಿಗೆ ಒಳ್ಳೆಯವೇ. ಹೊಟ್ಟಿಗೂ ಅಷ್ಟೇ ಒಳ್ಳೆಯವು. ಅನೇಕ ಟ್ರ್ಯಾಕ್ಟರುಗಳಿಗೆ ರೇಡಿಯೇಟರಿನ ಮುಂದೆ ತೆಗೆದು ಝಾಡಿಸಬಹುದಾದ ಜಾಳಿಗೆಯನ್ನು ಕಾರಖಾನೆಯವರೇ ಕೊಟ್ಟಿರುತ್ತಾರೆ. ಹೊಲದಲ್ಲಿ ದುಡಿಯುವ ಜೀಪಿಗೂ ಅದು ಬೇಕೆಂಬುದು ನಮ್ಮ ಅಭಿಪ್ರಾಯ. “ಮೊದಲು ಇರಲಿಲ್ಲ, ಈಗೇಕೆ?” ಎನ್ನುವ ಹಿರಿಯರ ಮಾತನ್ನು ನಾವು ಒಪ್ಪುವುದಿಲ್ಲ.

ಆದರೆ ಎಂಥ ಜಾಳಿಗೆ ಎಂಬುದೇ ಪ್ರಶ್ನೆ. ನಾವು ಮೊದಲು ಹಾಕಿಸಿದ್ದು ಕಿಟಕಿಗೆ ಬಡಿಯುವ ಸೊಳ್ಳೆಯ ಜಾಳಿಗೆ. ಸಣ್ಣ ತೂತಿದ್ದಷ್ಟೂ ಕಸ ತಡೆಯುತ್ತದೆಂಬ ಬುದ್ಧಿವಂತಿಕೆ. ಬೆಸುಗೆಯವನು ಅದನ್ನು ನೋಡಿ, “ಮಾಸ್ತರ್ರ, ಇದು ಜೀಪಿಗೆ ಹಾಕೂದೋ, ಹಿಟ್ಟು ಸಾಣಸೂದೋ?” ಎಂದು ಕೇಳಿದ. ಕಲಿತವರೆಂಬ ಗರ್ವಕ್ಕೆ ಅವನ ಮಾತು ಕಿವಿಗೆ ಬೀಳಲಿಲ್ಲ. ಅಲುಗಾಡಬಾರದೆಂದು ಎಂಟು ಕಡೆ ತಂತಿ ಹೊಸೆದು ಬಿಗಿದೆವು.

2019ರ ಮಾರ್ಚ್ ತಿಂಗಳು. ಹತ್ತನೆಯ ಇಯತ್ತೆಯ ಪರೀಕ್ಷೆ. ಕೇಂದ್ರ ನಮ್ಮೂರಿನಿಂದ ಹದಿನಾಲ್ಕು ಕಿಲೋಮೀಟರ್. ಬಸ್ಸು ತಪ್ಪಿದ ಐದು ಮಕ್ಕಳನ್ನು ಜೀಪಿನಲ್ಲಿ ಕೂರಿಸಿಕೊಂಡು ಹೊರಟೆವು. ದಾರಿಯಲ್ಲಿ ಮೂರು ಕಡೆ ರಾಶಿ ನಡೆದಿತ್ತು. ಎಂಟು ಕಿಲೋಮೀಟರ್ ದಾಟುವುದರೊಳಗೆ ಕಾವಿನ ಮುಳ್ಳು ಕೊನೆ ಮುಟ್ಟಿ, ಜೀಪು ಹಬೆಯುಗುಳಿ ನಿಂತಿತು. ನಾವು ನೀರಿನ ಕೊಡ ಹುಡುಕುತ್ತಿದ್ದಾಗ ಒಬ್ಬ ಹುಡುಗಿ ಮುಂದೆ ಹೋಗಿ, ಸೀಳಿನೊಳಗೆ ಬೆರಳು ತೂರಿಸಿ, “ಗುರುಗಳೇ, ಇಲ್ಲಿ ಕಂಬಳಿ ಹೊದಿಸಿದಂಗೈತ್ರಿ” ಎಂದಳು. ನಿಜವೇ. ಹೊಟ್ಟು ಜಾಳಿಗೆಯ ಅಗಲಕ್ಕೂ ಮೆತ್ತಿಕೊಂಡು ಗಾಳಿಗೆ ದಾರಿಯೇ ಇರಲಿಲ್ಲ. ಬಿಚ್ಚೋಣವೆಂದರೆ ಎಂಟು ಗಂಟು, ಕೈಯಲ್ಲಿ ಪಕ್ಕಡ ಇಲ್ಲ. ದೈವ ದೊಡ್ಡದು, ಹಾಲಿನ ಟೆಂಪೋ ಒಂದು ಬಂದು ಮಕ್ಕಳನ್ನು ಹತ್ತಿಸಿಕೊಂಡಿತು. ಗಂಟೆ ಬಾರಿಸಲು ನಾಲ್ಕು ನಿಮಿಷವಿರುವಾಗ ಮುಟ್ಟಿದರಂತೆ. ವರ್ಷವಿಡೀ ಓದಿದ ಮಕ್ಕಳು ಮಾಸ್ತರನ ಒಂದು ಮೊಳ ಜಾಳಿಗೆಯ ದೆಸೆಯಿಂದ ಹೊರಗುಳಿಯುವವರಿದ್ದರು. ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ ಹೋದದ್ದು ಬೇರೆ ಮಾತು. ಅದಕ್ಕೆ ಹಣ ಕೊಟ್ಟೆವು, ಮುಗಿಯಿತು.

ಮನೆಗೆ ಬಂದು ಲೆಕ್ಕ ಹಾಕಿದೆವು. ಸೊಳ್ಳೆಯ ಜಾಳಿಗೆಯಲ್ಲಿ ತಂತಿಯ ದಪ್ಪ ಕಾಲು ಮಿಲಿಮೀಟರ್, ಕಿಂಡಿ ಒಂದು ಮಿಲಿಮೀಟರ್ ಎಂದಿಟ್ಟುಕೊಳ್ಳಿ. ತೆರೆದ ಜಾಗ ನೂರಕ್ಕೆ 64. ಒಂದು ಮಿಲಿಮೀಟರ್ ತಂತಿಗೆ ಆರು ಮಿಲಿಮೀಟರ್ ಕಿಂಡಿಯಾದರೆ ನೂರಕ್ಕೆ 73. ಕಾಗದದ ಮೇಲೆ ಅಂತರ ಅಷ್ಟೇನೂ ದೊಡ್ಡದಲ್ಲ, ಮತ್ತು ನಮ್ಮಂಥವರು ಮೋಸಹೋಗುವುದೂ ಅಲ್ಲಿಯೇ. ಒಂದು ಮಿಲಿಮೀಟರ್ ಕಿಂಡಿಯನ್ನು ಕಡಲೆ ಹೊಟ್ಟಿನ ಒಂದೇ ಚೂರು ಮುಚ್ಚುತ್ತದೆ. ಪಂಖ ಎಳೆಯುತ್ತಿರುವ ತನಕ ಅದು ಕದಲುವುದಿಲ್ಲ. ಆರರ ಕಿಂಡಿ ಪುಡಿಯನ್ನು ಬಿಟ್ಟು, ರವದಿ, ಹುಲ್ಲಿನೆಸಳು, ಮಿಡತೆಗಳನ್ನಷ್ಟೇ ಹಿಡಿಯುತ್ತದೆ. ಕೋಳಿಗೂಡಿನ ಜಾಳಿಗೆಯಂತೂ ಇನ್ನೂ ಅಗಲ. ಗಾಳಿಗೆ ಸುಖ, ಆದರೆ ರವದಿಯೂ ಸುಖವಾಗಿ ಒಳಹೋಗುತ್ತದೆ.

ಈಗ ಮಾಡುವ ಬಗೆ. ಮೊದಲು ರಟ್ಟಿನ ಮೇಲೆ ಮೋರೆಯ ಒಳ ಅಳತೆ ತೆಗೆದು ಕೊಯ್ದು, ಇಟ್ಟು ನೋಡಬೇಕು. ರಟ್ಟು ಕೂಡದಿದ್ದರೆ ನಷ್ಟ ನಾಲ್ಕಾಣೆಯದೂ ಅಲ್ಲ. ಜಾಳಿಗೆ ಕೂಡದಿದ್ದರೆ ನಷ್ಟವುಂಟು. ಸತುವಿನ ಲೇಪವಿರುವ ಜಾಳಿಗೆಯನ್ನು ಪತ್ರಾ ಕತ್ತರಿಯಿಂದ ಎಲ್ಲ ಕಡೆ ಒಂದು ಬೆರಳು ಹೆಚ್ಚಾಗಿ ಕತ್ತರಿಸಿ, ಅಂಚನ್ನು ತೆಳುವಾದ ಕಬ್ಬಿಣದ ಸಳಿಯ ಚೌಕಟ್ಟಿನ ಮೇಲೆ ಮಡಚಿ ಬಡಿಯಿರಿ. ಸೈಕಲ್ಲಿನ ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ ಅಂಚಿಗೆ ಸುತ್ತಿದರೆ ಗಡಗಡ ಸದ್ದಿಲ್ಲ, ಬಣ್ಣ ಕೆರೆಯುವುದಿಲ್ಲ. ಬಣ್ಣ ಹಚ್ಚುವ ಆಸೆಯಿದ್ದರೆ ತೆಳ್ಳಗೆ ಒಂದು ಕೈ ಸಾಕು. ಎರಡು ಮೂರು ಕೈ ಬಳಿದರೆ ಕಿಂಡಿ ಕಿರಿದಾಗಿ ನಮ್ಮ ಲೆಕ್ಕವೆಲ್ಲ ಕೆಡುತ್ತದೆ.

ಕೂರಿಸುವಾಗ ಜಾಳಿಗೆ ಮೋರೆಯ ತಗಡಿನ ಬೆನ್ನಿಗಿರಲಿ. ರೇಡಿಯೇಟರಿಗೂ ಅದಕ್ಕೂ ಎರಡು ಬೆರಳಾದರೂ ಸಂದು ಬೇಕು. ಅಷ್ಟು ಸಂದಿಯಿಲ್ಲದ ಜೀಪಾದರೆ ಮೋರೆಯ ಹೊರಗೇ ಕೂರಿಸಿರಿ. ಕೆಲವರು ರೇಡಿಯೇಟರಿನ ರೆಕ್ಕೆಗಳ ನಡುವೆಯೇ ತಂತಿ ತೂರಿಸಿ ಕಟ್ಟುತ್ತಾರೆ. ದಾರಿಯ ಕುಲುಕಾಟಕ್ಕೆ ಆ ತಂತಿ ಗರಗಸವಾಗಿ ಕೊಳವೆಯನ್ನೇ ಕೊಯ್ಯುತ್ತದೆ. ದಯವಿಟ್ಟು ಹಾಗೆ ಮಾಡಬೇಡಿರಿ. ಕೈಯಿಂದಲೇ ತಿರುಗಿಸಬಹುದಾದ ಕಿವಿಯ ನಟ್ಟುಗಳು ನಾಲ್ಕು ಸಾಕು. ಬಾನೆಟ್ ಎತ್ತಿ, ನಟ್ಟು ಸಡಿಲಿಸಿ, ಜಾಳಿಗೆಯನ್ನು ಎಳೆದು ತೆಗೆಯಲು ಎರಡು ನಿಮಿಷಕ್ಕಿಂತ ಹೆಚ್ಚು ಹಿಡಿಯಬಾರದು. ಹಿಡಿಯುವಂತಿದ್ದರೆ ಅದನ್ನು ಹಾಕಲೇಬೇಡಿ. ಇದರಲ್ಲಿ ನಾವು ಹಟವಾದಿಗಳು. ಕಸ ಹಿಡಿಯುವ ವಸ್ತುವನ್ನು ಕೊಡವಲು ಬಾರದಂತೆ ಕಟ್ಟುವುದರಲ್ಲಿ ಅರ್ಥವಿಲ್ಲ.

ಜಾಳಿಗೆ ಇದೆಯೆಂದು ರೇಡಿಯೇಟರನ್ನು ಮರೆಯಲೂಬಾರದು. ಪುಡಿ ಅಲ್ಲಿಗೆ ಹೋಗಿಯೇ ಹೋಗುತ್ತದೆ. ಸುಗ್ಗಿಯಲ್ಲಿ ವಾರಕ್ಕೊಮ್ಮೆ, ಎಂಜಿನ್ ಪೂರ್ತಿ ಆರಿದ ಮೇಲೆ, ಎಂಜಿನ್ನಿನ ಕಡೆಯಿಂದ ಮುಂದಕ್ಕೆ ಸಣ್ಣ ಧಾರೆಯಲ್ಲಿ ನೀರು ಬಿಡಿರಿ. ಮೋಟಾರಿನ ಜೋರು ಧಾರೆ ಹಿಡಿದರೆ ರೆಕ್ಕೆಗಳು ಮಡಚಿಕೊಂಡು, ಹೊಟ್ಟು ಮಾಡಬೇಕಾದ ಕೆಲಸವನ್ನು ನಾವೇ ಮಾಡಿದಂತಾಗುತ್ತದೆ. ಜೀಪು ಕುದಿದು ನಿಂತಾಗ ಮುಚ್ಚಳ ತೆಗೆದು ಮುಖ ಸುಟ್ಟುಕೊಂಡವರನ್ನು ಕಂಡಿದ್ದೇವೆ. ಅರ್ಧ ಗಂಟೆಯಾದರೂ ಕಾಯಿರಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಅದು ಬಿರಿಯಬಹುದು.

ಇನ್ನು ಪೇಟೆಯ ಜಾಳಿಗೆಗಳ ವಿಷಯ. ಹುಡುಗರು ಮೊಬೈಲಿನಲ್ಲಿ ಚಿತ್ರ ನೋಡಿ ಹೊಳೆಯುವ ಜಾಳಿಗೆ, ಅದರ ಮುಂದೆ ಗೂಳಿಯ ಕೋಡಿನಂಥ ಕೊಳವೆ ಕಂಬಿ ಹಾಕಿಸಬಯಸುತ್ತಾರೆ. ಆ ಕಂಬಿಗಳು ಪಾದಚಾರಿಗಳಿಗೆ ಅಪಾಯವೆಂದು 2017ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರವೇ ಕ್ರಮಕ್ಕಾಗಿ ರಾಜ್ಯಗಳಿಗೆ ಬರೆದಿದೆ. ನಮ್ಮ ಜಾಳಿಗೆ ಯಾರಿಗೂ ಚುಚ್ಚುವುದಿಲ್ಲ, ಯಾರ ಕಣ್ಣಿಗೂ ಬೀಳುವುದಿಲ್ಲ. ಹುಡುಗರಿಗೆ ಅದೇ ಬೇಸರ.

ಅಂದಿನ ಬೆಸುಗೆಯವನೇ ಈ ಎರಡನೆಯ ಜಾಳಿಗೆಯನ್ನು ಮಾಡಿಕೊಟ್ಟ. ಹಳೆಯ ಮಾತನ್ನು ಎತ್ತಲಿಲ್ಲ, ನಕ್ಕನಷ್ಟೆ. ಅಳತೆಯ ರಟ್ಟು ನಮ್ಮ ಶಾಲೆಯ ಕಪಾಟಿನಲ್ಲಿದೆ. ಅದೇ ಮಾದರಿಯ ಜೀಪುಳ್ಳವರು ಬಂದು ಗೆರೆ ಎಳೆದುಕೊಂಡು ಹೋಗಬಹುದು. ಪರೀಕ್ಷೆಯ ದಿನಗಳಲ್ಲಿ ಮಾತ್ರ ಮುಂಜಾನೆ ಬರಬೇಡಿರಿ, ಜೀಪೂ ನಾವೂ ಊರಲ್ಲಿರುವುದಿಲ್ಲ.