ಬೀಳುವ ಹಲ್ಲೂ ಬೀಳದ ಹಲ್ಲೂ

ಗೃಹಿಣಿಯೊಬ್ಬರು ನಮಗೆ ಕಾಗದ ಬರೆದಿರುವರು. ಅವರ ಏಳು ವರ್ಷದ ಮಗನ ಕೆಳಗಿನ ದವಡೆಹಲ್ಲೊಂದರಲ್ಲಿ ಕಪ್ಪು ಗುಳಿ ಬಿದ್ದಿದೆಯಂತೆ. ತಣ್ಣೀರು ತಾಗಿದೊಡನೆ ಹುಡುಗನು ಅಳುವನಂತೆ. ಮನೆಯ ಹಿರಿಯರು, “ಹೇಗೂ ಬೀಳುವ ಹಾಲುಹಲ್ಲು, ಅದಕ್ಕೆ ವೈದ್ಯರ ಬಳಿ ದುಡ್ಡು ಸುರಿಯುವುದೇಕೆ?” ಎನ್ನುವರು. ಅತ್ತೆಯವರಿಗೆ ಎದುರು ಹೇಳಲಾರದೆ ಅವರು ನಮ್ಮನ್ನು ಕೇಳಿರುವರು. ಬಾಯಿಯನ್ನು ನೋಡದೆ ರೋಗವನ್ನು ನಿರ್ಣಯಿಸುವುದು ಉಚಿತವಲ್ಲ. ಅದು ಪಾಠ ಹೇಳಿಕೊಂಡಿದ್ದವನ ವೃತ್ತಿಯೂ ಅಲ್ಲ. ಆದರೆ ಕಾಗದದೊಳಗಿನ ಒಂದು ವಿವರವು ನಮ್ಮನ್ನು ಚಿಂತೆಗೀಡುಮಾಡಿತು. ಆ ಹಲ್ಲು ಎಲ್ಲಕ್ಕೂ ಹಿಂದೆ, ಕಳೆದ ವರ್ಷ ತಾನಾಗಿಯೇ ಮೂಡಿತಂತೆ. ಅಲ್ಲಿ ಮೊದಲು ಯಾವ ಹಲ್ಲೂ ಬಿದ್ದಿರಲಿಲ್ಲವಂತೆ. ಹಾಗಿದ್ದಲ್ಲಿ ಅದು ಹಾಲುಹಲ್ಲಲ್ಲ. ಹುಡುಗನು ಮುಪ್ಪಿನವರೆಗೂ ಅಗಿಯಬೇಕಾದ ಹಲ್ಲು ಅದು. ಹೋದರೆ ಅದರ ಸ್ಥಾನಕ್ಕೆ ಮತ್ತೊಂದು ಬಾರದು.

ಸಂಸ್ಕೃತದಲ್ಲಿ ಹಲ್ಲಿಗೆ ದ್ವಿಜವೆಂದು ಹೆಸರು. ವಿಪ್ರ, ಪಕ್ಷಿ, ಹಲ್ಲು, ಈ ಮೂರಕ್ಕೂ ಆ ಶಬ್ದವು ಸಲ್ಲುವುದೆಂದು ಅಮರಕೋಶವನ್ನು ಬಾಯಿಪಾಠ ಮಾಡಿದವರೆಲ್ಲ ಬಲ್ಲರು. ಎರಡು ಸಲ ಹುಟ್ಟುವುದರಿಂದ ಹಲ್ಲು ದ್ವಿಜವಾಯಿತು. ಆದರೆ ಹಲ್ಲುಗಳೆಲ್ಲವೂ ದ್ವಿಜಗಳಲ್ಲ. ಬಾಲಚಿಕಿತ್ಸೆಯ ಪ್ರಾಚೀನ ಗ್ರಂಥವಾದ ಕಾಶ್ಯಪಸಂಹಿತೆಯಲ್ಲಿ ಹಲ್ಲು ಹುಟ್ಟುವ ವಿಷಯಕ್ಕೆಂದೇ ಒಂದು ಅಧ್ಯಾಯವಿದೆ. 32 ಹಲ್ಲುಗಳಲ್ಲಿ 8 ಒಂದೇ ಸಲ ಹುಟ್ಟತಕ್ಕವು, ಉಳಿದವು ದ್ವಿಜಗಳು ಎಂದು ಅಲ್ಲಿಯ ವಿಂಗಡಣೆ. ಇಂದಿನ ದಂತವೈದ್ಯರ ಎಣಿಕೆಯಲ್ಲಿ ಒಂದೇ ಸಲ ಹುಟ್ಟುವವು 12. ಸಂಖ್ಯೆ ಕೂಡದಿದ್ದರೂ, ಅಂತಹ ಭೇದವೊಂದಿದೆಯೆಂದು ಅಂದೇ ಗುರುತಿಸಿದ್ದು ಮೆಚ್ಚತಕ್ಕ ಸಂಗತಿ. ನಮ್ಮ ಮನೆಗಳಲ್ಲಿ ಇಂದಿಗೂ ಅದನ್ನು ಗುರುತಿಸುವವರು ವಿರಳ.

ಶಿಶುವಿಗೆ ಸುಮಾರು 6ನೆಯ ತಿಂಗಳಲ್ಲಿ ಕೆಳಗಿನ ಮುಂಭಾಗದ ಹಲ್ಲುಗಳು ಮೂಡತೊಡಗಿ, 3 ವರ್ಷ ತುಂಬುವ ವೇಳೆಗೆ 20 ಹಾಲುಹಲ್ಲುಗಳು ಪೂರ್ಣವಾಗುವವು. 6ನೆಯ ವರ್ಷದ ಸುಮಾರಿಗೆ ಮುಂದಿನ ಹಲ್ಲು ಅಲುಗಾಡುವುದು. ಬಿದ್ದ ಹಲ್ಲನ್ನು ಸಗಣಿಯಲ್ಲಿ ಸುತ್ತಿ ಮಾಡಿನ ಮೇಲೆ ಎಸೆಯುವ ಸಂಭ್ರಮದಲ್ಲಿ ಮನೆಯವರೆಲ್ಲರೂ ಇರುವಾಗ, ಬಾಯಿಯ ಹಿಂಭಾಗದಲ್ಲಿ ಸದ್ದಿಲ್ಲದೆ ನಾಲ್ಕು ದೊಡ್ಡ ದವಡೆಹಲ್ಲುಗಳು ಹುಟ್ಟುವವು. ಯಾವುದೂ ಬೀಳದೆಯೇ ಬಂದುದರಿಂದ ಇವನ್ನೂ ಹಾಲುಹಲ್ಲೆಂದೇ ಜನರು ಎಣಿಸುವರು. ಹೊಸದಾಗಿ ಮೂಡುವಾಗ ಇವು ಪಕ್ಕದ ಹಲ್ಲಿಗಿಂತ ತಗ್ಗಿನಲ್ಲಿರುವುದರಿಂದ ಬ್ರಷ್ಷು ಇವುಗಳನ್ನು ಮುಟ್ಟದೆ ಮೇಲೆಯೇ ಹಾದುಹೋಗುವುದು. ಮೇಲ್ಮೈಯ ಸೀಳುಗಳೂ ಆಳ; ಅಲ್ಲಿ ಸಿಕ್ಕಿಕೊಂಡ ಅನ್ನವು ಅಲ್ಲಿಯೇ ಕೊಳೆಯುವುದು. ಈ ಸೀಳುಗಳನ್ನು ತೆಳುವಾದ ಲೇಪದಿಂದ ಮುಚ್ಚಿ ಹುಳುಕನ್ನು ತಡೆಯುವ ಕ್ರಮವು ದಂತವೈದ್ಯರಲ್ಲಿ ಉಂಟು. ನೋವಿಲ್ಲದ ಕೆಲಸ, ಗುಳಿ ಬೀಳುವ ಮುಂಚೆ ಮಾಡಿಸತಕ್ಕದ್ದು. ಕಾಗದ ಬರೆದ ತಾಯಿಯವರು ಇನ್ನೊಂದು ದಿನವೂ ತಡಮಾಡದೆ ಹುಡುಗನನ್ನು ವೈದ್ಯರಿಗೆ ತೋರಿಸಲಿ. ಅತ್ತೆಯವರಿಗೆ ಈ ಪುಟವನ್ನೇ ಓದಿ ಹೇಳಲಿ. ಮೊಮ್ಮಗನ ಮೇಲೆ ಅವರಿಗಿರುವ ಮಮತೆ ಕಡಿಮೆಯದಲ್ಲವಷ್ಟೆ.

ಇನ್ನು ನಿಜವಾದ ಹಾಲುಹಲ್ಲಾದರೂ ಉಪೇಕ್ಷಿಸತಕ್ಕದ್ದಲ್ಲ. ಹಿಂದಿನ ಹಾಲುದವಡೆಗಳು ಬೀಳುವುದು 10ರಿಂದ 12 ವರ್ಷದೊಳಗೆ. 4ನೆಯ ವರ್ಷದಲ್ಲಿ ಹುಳುಕು ಹತ್ತಿದರೆ ಮಗುವು ಆರೇಳು ವರ್ಷ ಅದರೊಡನೆ ಉಣ್ಣಬೇಕು, ಮಲಗಬೇಕು. ಬೇರಿನಲ್ಲಿ ಕೀವು ಕಟ್ಟಿದರೆ ಕೆಳಗೆ ಬೆಳೆಯುತ್ತಿರುವ ಹಲ್ಲಿನ ಮೊಳಕೆಗೂ ಕೇಡು. ಅಕಾಲದಲ್ಲಿ ಕೀಳಿಸಿದರೆ ಪಕ್ಕದವು ಆ ತೆರಪಿಗೆ ವಾಲಿ, ಮುಂದೆ ಬರುವ ಹಲ್ಲಿಗೆ ಎಡೆಯಿಲ್ಲದೆ ಅದು ಸೊಟ್ಟಗೆ ಮೂಡುವುದು.

ಹುಳುಕು ಎಂಬ ಮಾತಿನಲ್ಲಿಯೇ ಹುಳು ಇದೆ. ಹಲ್ಲಿನೊಳಗಿಂದ ಹುಳುವನ್ನು ತೆಗೆದು ತೋರಿಸುವೆವೆಂದು ಊರೂರು ಅಲೆಯುತ್ತಿದ್ದವರನ್ನು ನಮ್ಮ ಬಾಲ್ಯದಲ್ಲಿ ಕಂಡಿದ್ದೇವೆ. ಅಂತಹ ಹುಳು ಇಲ್ಲವೆಂದು ಫ್ರಾನ್ಸಿನ ಪಿಯೇರ್ ಫೋಶಾರ್ ಎಂಬ ದಂತವೈದ್ಯನು 1728ರಲ್ಲಿಯೇ ಬರೆದನು. ಬಾಯಿಯ ಸೂಕ್ಷ್ಮಜೀವಿಗಳು ಸಿಹಿಯನ್ನೂ ಪಿಷ್ಟವನ್ನೂ ಹುಳಿಯಾಗಿಸುವವೆಂದೂ, ಆ ಹುಳಿಯು ಹಲ್ಲನ್ನು ಕರಗಿಸುವುದೆಂದೂ ಬರ್ಲಿನ್ನಿನಲ್ಲಿದ್ದ ಮಿಲ್ಲರ್ ಎಂಬ ಪಂಡಿತನು 1890ರಲ್ಲಿ ಪ್ರತಿಪಾದಿಸಿದನು. ತಿಂದ ಕೆಲವೇ ನಿಮಿಷಗಳಲ್ಲಿ ಹುಳಿಯೇರುವುದು. ಅದು ಇಳಿದು ಜೊಲ್ಲಿನಿಂದ ಹಲ್ಲು ಚೇತರಿಸಿಕೊಳ್ಳಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಆದುದರಿಂದ ಎಷ್ಟು ಸಿಹಿ ತಿಂದರು ಎಂಬುದಕ್ಕಿಂತ ದಿನಕ್ಕೆ ಎಷ್ಟು ಸಲ ತಿಂದರು ಎಂಬುದೇ ಮುಖ್ಯ. ಸ್ವೀಡನ್ ದೇಶದ ವಿಪೆಹೋಮ್ ಆಸ್ಪತ್ರೆಯಲ್ಲಿ 1945ರಿಂದ ಹಲವು ವರ್ಷ ನಡೆದ ಪರೀಕ್ಷೆಯಲ್ಲಿ ಇದು ಸಿದ್ಧಪಟ್ಟಿತು. ಊಟದೊಡನೆ ಸಿಹಿ ತಿಂದವರಿಗಿಂತ, ನಡುನಡುವೆ ಅಂಟುವ ಟಾಫಿಗಳನ್ನು ತಿಂದವರ ಹಲ್ಲು ಬಹಳವಾಗಿ ಕೆಟ್ಟಿತು. ಸಮ್ಮತಿ ಕೊಡಲಾರದ ಮತಿವಿಕಲರ ಮೇಲೆ ಇದನ್ನು ನಡೆಸಿದ್ದು ನ್ಯಾಯವೆಂದು ನಾವು ಹೇಳಲಾರೆವು. ಅವರು ತೆತ್ತ ಬೆಲೆಯಿಂದ ದೊರೆತ ಅರಿವನ್ನು ಅಲಕ್ಷಿಸುವುದೂ ನ್ಯಾಯವಲ್ಲ.

ಹಬ್ಬದ ದಿನ ಎಲೆಯ ಮೇಲೆ ಬಡಿಸಿದ ಹೋಳಿಗೆಯನ್ನು ಮಗುವು ಧಾರಾಳವಾಗಿ ತಿನ್ನಲಿ. ಆದರೆ ಅಜ್ಜಿಯ ಸೆರಗಿನ ಗಂಟಿನಿಂದ ಗಂಟೆಗೊಂದರಂತೆ ಹೊರಡುವ ಪೆಪ್ಪರಮೆಂಟು, ಅಳು ನಿಲ್ಲಿಸಲು ಕೈಗಿಡುವ ಬಿಸ್ಕತ್ತು, ಇವೇ ಹಲ್ಲಿಗೆ ಶತ್ರುಗಳು. ಬೆಲ್ಲವು ಸಾತ್ತ್ವಿಕವಾದುದರಿಂದ ದೋಷವಿಲ್ಲವೆಂದು ವಾದಿಸುವ ಮಿತ್ರರಿದ್ದಾರೆ; ಬಾಯಿಯ ಸೂಕ್ಷ್ಮಜೀವಿಗಳು ಆ ತಾರತಮ್ಯವನ್ನು ಅರಿಯವು. ಎಲ್ಲಕ್ಕಿಂತ ಕೆಟ್ಟದ್ದು ಸಕ್ಕರೆ ಬೆರೆಸಿದ ಹಾಲಿನ ಸೀಸೆಯನ್ನು ಬಾಯಲ್ಲಿಟ್ಟು ಮಲಗಿಸುವುದು. ನಿದ್ರೆಯಲ್ಲಿ ಜೊಲ್ಲು ಕಡಿಮೆ. ಹಾಲು ಮೇಲಿನ ಮುಂಭಾಗದ ಹಲ್ಲುಗಳ ಸುತ್ತ ನಿಂತು ಎರಡು ವರ್ಷದೊಳಗೇ ಅವು ಮೊಟುಕಾಗುವುದುಂಟು.

ಮೊದಲ ಹಲ್ಲು ಮೂಡಿದಂದಿನಿಂದಲೇ ಉಜ್ಜತಕ್ಕದ್ದು. ಬೆಳಿಗ್ಗೆಯ ಉಜ್ಜುವಿಕೆಯನ್ನು ನಮ್ಮವರು ಬಿಡುವವರಲ್ಲ. ರಾತ್ರಿಯದನ್ನು ಮಾಡುವವರೇ ಅಪರೂಪ, ಆದರೆ ರಾತ್ರಿಯದೇ ಹೆಚ್ಚು ಅವಶ್ಯ. ಏಳೆಂಟು ವರ್ಷದವರೆಗೆ ಮಗುವಿನ ಕೈಗೆ ಅದರ ಹದ ಬಾರದು, ದೊಡ್ಡವರೇ ಉಜ್ಜಬೇಕು. ಇದ್ದಿಲು, ಇಟ್ಟಿಗೆಯ ಪುಡಿಗಳು ಹಲ್ಲಿನ ಕವಚವನ್ನೇ ಸವೆಸುವವು. ಫ್ಲೋರೈಡ್ ಇರುವ ಪೇಸ್ಟು 3 ವರ್ಷದವರೆಗೆ ಅಕ್ಕಿಕಾಳಿನಷ್ಟು, ಅನಂತರ 6ರವರೆಗೆ ಬಟಾಣಿಯಷ್ಟು ಸಾಕು. ಜಾಹೀರಾತಿನ ಚಿತ್ರದಲ್ಲಿ ಬ್ರಷ್ಷಿನ ಉದ್ದಕ್ಕೂ ಹಾಕುವರು. ಅದು ವ್ಯಾಪಾರಿಯ ಅಳತೆ.

ಪಾವಗಡ, ಮುಂಡರಗಿಯ ಕಡೆಯ ವಾಚಕರಿಗೆ ಬೇರೆಯಾಗಿ ಒಂದು ಮಾತು. ಅಲ್ಲಿಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದೆ. ಲೀಟರಿಗೆ 1.5 ಮಿಲಿಗ್ರಾಮ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಹೆಚ್ಚಾದರೆ ಹಲ್ಲುಗಳ ಮೇಲೆ ಬಿಳಿ ಮಚ್ಚೆ, ಕಂದು ಗೆರೆ ಬೀಳುವವು. ಇದು ಕೊಳೆಯಲ್ಲ, ಎಷ್ಟು ಉಜ್ಜಿದರೂ ಹೋಗದು. ಆದರೂ ಹಲ್ಲುಜ್ಜದ ಸೋಮಾರಿಗಳೆಂದು ತರಗತಿಯಲ್ಲಿ ಬೈಸಿಕೊಂಡು, ಬಾಯಿಗೆ ಕೈ ಅಡ್ಡವಿಟ್ಟು ನಗುವ ಮಕ್ಕಳನ್ನು ನಾವು ಕಂಡಿದ್ದೇವೆ. ಹಲ್ಲಿನ ಕವಚವು ರೂಪುಗೊಳ್ಳುವ ಮೊದಲ 8 ವರ್ಷಗಳಲ್ಲಿ ಕುಡಿಯುವ ನೀರಿನ ಬಗ್ಗೆ ಎಚ್ಚರವಿರಲಿ. ಕುದಿಸಿದರೆ ಫ್ಲೋರೈಡ್ ಹೋಗದು. ನೀರು ಇಂಗಿದಷ್ಟೂ ಅದರ ಪ್ರಮಾಣ ಹೆಚ್ಚುವುದು. ನೀರನ್ನು ಪರೀಕ್ಷೆ ಮಾಡಿಸಿ, ಶುದ್ಧೀಕರಿಸಿದ ನೀರನ್ನೋ ಸಂಗ್ರಹಿಸಿದ ಮಳೆನೀರನ್ನೋ ಕುಡಿಯುವುದಕ್ಕೂ ಅಡಿಗೆಗೂ ಬಳಸತಕ್ಕದ್ದು. ಅಲ್ಲಿಯ ಮಕ್ಕಳಿಗೆ ಯಾವ ಪೇಸ್ಟು, ಎಷ್ಟು ಎಂಬುದನ್ನು ದಂತವೈದ್ಯರಲ್ಲಿ ಕೇಳಿಯೇ ನಿಶ್ಚಯಿಸಬೇಕು.