ಪಾದರಸದ ಲೆಕ್ಕ: ಅಂದಾಜು ಸಾಲದು, ಅಳತೆ ಬೇಕು

ವರ್ಷಾಂತ್ಯದ ದಾಸ್ತಾನನ್ನು ಕಣ್ಣಳತೆಯಲ್ಲಿ ನಮೂದಿಸಿದ ಲೆಕ್ಕಪತ್ರಕ್ಕೆ ಯಾವ ಲೆಕ್ಕಪರಿಶೋಧಕರೂ ಸಹಿ ಹಾಕಲಾರರು. ಆದರೆ ಕಲ್ಲಿದ್ದಲು ವಿದ್ಯುತ್ ಕೇಂದ್ರಗಳು ಹೊರಸೂಸುವ ಪಾದರಸದ ವಿಷಯದಲ್ಲಿ ಬಹುಮಟ್ಟಿಗೆ ನಡೆದುಬಂದಿರುವುದು ಇಂಥ ಅಂದಾಜೇ.

ಕಾನೂನು ಇಲ್ಲವೆಂದಲ್ಲ. ಕೇಂದ್ರ ಪರಿಸರ ಸಚಿವಾಲಯದ 2015ರ ಡಿಸೆಂಬರ್ ಅಧಿಸೂಚನೆಯು ಪ್ರತಿ ಘನ ಮೀಟರ್ ಅನಿಲಕ್ಕೆ 0.03 ಮಿಲಿಗ್ರಾಂ ಪಾದರಸದ ಮಿತಿಯನ್ನು ವಿಧಿಸಿತು. 2003ರೊಳಗೆ ಸ್ಥಾಪಿತವಾದ, 500 ಮೆಗಾವಾಟ್‌ಗಿಂತ ಚಿಕ್ಕ ಘಟಕಗಳನ್ನು ಅದು ಹೊರಗಿಟ್ಟಿತು. ರಾಯಚೂರಿನ 210 ಮೆಗಾವಾಟ್‌ನ ಏಳು ಘಟಕಗಳು ಹೀಗೆ ತಪ್ಪಿಸಿಕೊಂಡವು. ಪಾದರಸ ಕುರಿತ ಮಿನಮಾತಾ ಒಪ್ಪಂದವನ್ನು ಭಾರತವು 2018ರಲ್ಲಿ ಅನುಮೋದಿಸಿದೆ.

ಅಂದಾಜಿನ ದೋಷವನ್ನು ಅಂಕಿಗಳಲ್ಲೇ ನೋಡಬಹುದು. ಒಂದು ಕೇಂದ್ರವು ವರ್ಷಕ್ಕೆ 25 ಲಕ್ಷ ಟನ್ ಕಲ್ಲಿದ್ದಲು ಉರಿಸುತ್ತದೆ ಎನ್ನೋಣ. ಟನ್ನಿಗೆ 0.1 ಗ್ರಾಂ ಪಾದರಸವೆಂದು ಹಿಡಿದರೆ 250 ಕಿಲೋಗ್ರಾಂ, 0.2 ಗ್ರಾಂ ಎಂದರೆ 500 ಕಿಲೋಗ್ರಾಂ. ಗಣಿ ಬದಲಾದರೆ, ಒಂದೇ ಗಣಿಯಲ್ಲಿ ಪದರ ಬದಲಾದರೂ, ಈ ಅಂಶ ಬದಲಾಗುತ್ತದೆ. ಇದೂ ಒಳಬಂದ ಸರಕಿನ ಲೆಕ್ಕ ಮಾತ್ರ. ಧೂಳಿಗೆ ಅಂಟಿದ ಪಾದರಸವು ಹಾರುಬೂದಿಯೊಡನೆ ಸಿಕ್ಕಿಬೀಳುತ್ತದೆ. ಆಕ್ಸೀಕರಣಗೊಂಡದ್ದು ನೀರಿನಲ್ಲಿ ಕರಗುವುದರಿಂದ ಗಂಧಕ ನಿವಾರಣಾ ಘಟಕದಲ್ಲಿ ಬಹುಪಾಲು ಉಳಿಯುತ್ತದೆ. ಶುದ್ಧ ಆವಿಯಾದದ್ದು ಚಿಮಣಿ ದಾಟಿ ಹೋಗುತ್ತದೆ.

2025ರ ಜುಲೈನಲ್ಲಿ ಕೇಂದ್ರವು ಬಹುಪಾಲು ವಿದ್ಯುತ್ ಕೇಂದ್ರಗಳನ್ನು ಗಂಧಕ ನಿವಾರಣಾ ಘಟಕದ ನಿರ್ಬಂಧದಿಂದ ಮುಕ್ತಗೊಳಿಸಿತು. ವೆಚ್ಚದ ದೃಷ್ಟಿಯಿಂದ ಆ ನಿರ್ಧಾರಕ್ಕೆ ಸಮರ್ಥನೆ ಇರಬಹುದು. ಆದರೆ ಅದರೊಡನೆ ಪುಕ್ಕಟೆಯಾಗಿ ದೊರೆಯಬಹುದಾಗಿದ್ದ ಪಾದರಸದ ತಡೆಯೂ ಕೈಬಿಟ್ಟಿತು. ಅಷ್ಟರಮಟ್ಟಿಗೆ ಅಳತೆಯ ಅಗತ್ಯ ಹೆಚ್ಚಿದೆ.

ಅಳತೆ ದುಬಾರಿ ಎಂಬ ಆಕ್ಷೇಪಣೆ ಪೂರ್ತಿ ನಿಜವಲ್ಲ. ನಿರಂತರ ಮಾಪಕ ಯಂತ್ರಕ್ಕೆ ಬಂಡವಾಳವೂ ನುರಿತ ಸಿಬ್ಬಂದಿಯೂ ಬೇಕು, ಸರಿ. ಆದರೆ ಸಂಸ್ಕರಿಸಿದ ಇದ್ದಿಲು ತುಂಬಿದ ಕೊಳವೆಯನ್ನು ಚಿಮಣಿಗಿಳಿಸಿ, ಅನಿಲವನ್ನು ಅದರ ಮೂಲಕ ಎಳೆದು, ಪ್ರಯೋಗಾಲಯದಲ್ಲಿ ಪರೀಕ್ಷಿಸುವ ವಿಧಾನವೂ ಉಂಟು. ಅಮೆರಿಕದ 2012ರ ನಿಯಮಾವಳಿಯು ಇವೆರಡನ್ನೂ ಒಪ್ಪಿತು.

ಉದ್ಯಮಿಗಳಿಗೆ ಇದರಲ್ಲಿ ನೇರ ಆಸಕ್ತಿಯಿದೆ. ಹಾರುಬೂದಿಯನ್ನು ಸುಟ್ಟ ಇಟ್ಟಿಗೆಗೋ ಸಿಮೆಂಟ್ ಗೂಡಿಗೋ ಬಳಸಿದಾಗ ಬೂದಿಯಲ್ಲಿದ್ದ ಪಾದರಸವು ಮತ್ತೆ ಆವಿಯಾಗಿ ಆ ಉದ್ಯಮಿಯ ಚಿಮಣಿಯಿಂದ ಹೊರಬೀಳುತ್ತದೆ. ಹೊಣೆಯೂ ಅವನ ಖಾತೆಗೇ ಬೀಳುತ್ತದೆ. ಬೂದಿ ಖರೀದಿಯ ಒಪ್ಪಂದದಲ್ಲಿ ಪಾದರಸದ ಪರೀಕ್ಷಾ ವರದಿಯನ್ನು ಕೇಳುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಮಾಲಿನ್ಯ ನಿಯಂತ್ರಣದ ವೆಚ್ಚವು ಕೊನೆಗೆ ವಿದ್ಯುತ್ ದರದಲ್ಲಿ ಸೇರುವುದರಿಂದ, ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮುಂದೆ ಆಕ್ಷೇಪಣೆ ಸಲ್ಲಿಸುವ ವಾಣಿಜ್ಯ ಸಂಸ್ಥೆಗಳು ಬಳ್ಳಾರಿ, ರಾಯಚೂರು ಕೇಂದ್ರಗಳ ಅಳೆದ ಅಂಕಿಗಳನ್ನೂ ಘಟಕವಾರು ಕೇಳತಕ್ಕದ್ದು.